ಕೆಂಪು ಚೀಟಿ

ಫುಟ್‌ಬಾಲ್ ನನಗೆ ತಿಳಿಯದ ಆಟ. ಮಗ ಹೈಸ್ಕೂಲಿನಲ್ಲಿದ್ದಾಗ ಟೀವಿಯ ಮುಂದೆ ಕೂತು ಕೂಗಾಡುತ್ತಿದ್ದ; ನಾನು ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹಾಗೆ ಪರಿಚಯವಾದವನು ನೆಮಾನ್ಯಾ ವಿದಿಚ್.

ಸರ್ಬಿಯಾದ ಉಜಿತ್ಸೆ ಎಂಬ ಊರಿನಲ್ಲಿ 1981ರಲ್ಲಿ ಹುಟ್ಟಿದವನು. 1999ರಲ್ಲಿ ಆ ದೇಶದ ಮೇಲೆ 78 ದಿನ ಬಾಂಬು ಬಿದ್ದಾಗ ಹದಿನೇಳರ ಹುಡುಗ. ಬೆಲ್‌ಗ್ರೇಡಿನ ರೆಡ್ ಸ್ಟಾರ್, ಆಮೇಲೆ ಮಾಸ್ಕೋದ ಸ್ಪಾರ್ಟಕ್, 2006ರ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್. ಅಲ್ಲಿ ಐದು ಸಲ ಲೀಗ್ ಗೆದ್ದ, ನಾಯಕನೂ ಆದ. 2016ರಲ್ಲಿ ಆಟ ಬಿಟ್ಟ. ಅವನ ಕೆಲಸ ಗೋಲು ಹೊಡೆಯುವುದಲ್ಲ, ತಡೆಯುವುದು.

2009ರ ಮಾರ್ಚ್ 14ರ ಸಂಜೆ ಲಿವರ್‌ಪೂಲ್ ಜೊತೆ ಪಂದ್ಯ. ಯುನೈಟೆಡ್ 1–2ರಿಂದ ಹಿಂದಿತ್ತು. ಎದುರಾಳಿ ನಾಯಕ ಜೆರಾರ್ಡ್ ಚೆಂಡಿನೊಂದಿಗೆ ಗೋಲಿನತ್ತ ನುಗ್ಗಿದಾಗ ವಿದಿಚ್ ಅವನನ್ನು ಕೆಡವಿಬಿಟ್ಟ. ರೆಫರಿ ಕೆಂಪು ಚೀಟಿ ತೋರಿಸಿದರು.

"ಬೇಕೆಂದೇ ಬೀಳಿಸಿದನಲ್ಲೋ!" ಎಂದೆ.

"ಇನ್ನೇನು ಮಾಡಬೇಕಿತ್ತಮ್ಮಾ? ತಂಡಕ್ಕೋಸ್ಕರ ಬೀಳಿಸಿದ."

ನನ್ನ ಕೆಂಪು ಪೆನ್ನು ಅಲ್ಲೇ ನಿಂತಿತು.

ಅದಕ್ಕೂ ಆರು ವರ್ಷ ಹಿಂದೆ ನನ್ನ ತರಗತಿಯಲ್ಲೊಬ್ಬಳು ಹುಡುಗಿ ಇದ್ದಳು. ತಾಯಿ ಹಾಸಿಗೆ ಹಿಡಿದಿದ್ದರಿಂದ ಮನೆಯ ಅಡುಗೆಯೆಲ್ಲ ಅವಳದೇ. ಎಸ್ಸೆಸ್ಸೆಲ್ಸಿಗೆ ಹಾಜರಿ ಸಾಲದು. ಹಾಲ್ ಟಿಕೆಟ್ ಬರದಿದ್ದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಕಚೇರಿಗೆ ಕೊಡುವ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಹೆಚ್ಚು ದಿನ ಬರೆದೆ. ಗುಮಾಸ್ತರು ಹಾಗೆಯೇ ಟೈಪು ಮಾಡಿದರು. ಹುಡುಗಿ ಪಾಸಾದಳು.

ಮರುವರ್ಷ ತಪಾಸಣೆಯಲ್ಲಿ ಹಾಜರಿ ಪುಸ್ತಕಕ್ಕೂ ಪಟ್ಟಿಗೂ ತಾಳೆಯಾಗಲಿಲ್ಲ. ನಕಲು ಮಾಡುವಾಗಿನ ತಪ್ಪೆಂದು ಗುಮಾಸ್ತರಿಗೆ ನೋಟಿಸ್ ಬಂತು, ಒಂದು ಇನ್‌ಕ್ರಿಮೆಂಟು ನಿಂತಿತು. ನಾನು ಬಾಯಿ ಬಿಡಲಿಲ್ಲ. ಹುಡುಗಿಯ ವಿಷಯ ಹೊರಬಿದ್ದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆದರಿದ್ದು ನನ್ನ ನೌಕರಿಗೆ.

ನಮ್ಮವರಿಗಾಗಿ ತಿಳಿದೂ ತಿಳಿದೂ ಮಾಡಿದ ತಪ್ಪು ತಪ್ಪೇ ಅಲ್ಲವೇ? ಈ ವಾದಕ್ಕೆ ಕೊನೆಯಿಲ್ಲ. ವಿದಿಚ್ ಮಾಡಿದ್ದು ಫಲಿಸಲೂ ಇಲ್ಲ. ಆ ತಪ್ಪಿಗೆ ಸಿಕ್ಕ ಫ್ರೀ ಕಿಕ್ಕೇ ಗೋಲಾಯಿತು, ಪಂದ್ಯ 1–4ರಿಂದ ಹೋಯಿತು. ಆದರೂ ಆ ವರ್ಷ ಲೀಗ್ ಗೆದ್ದದ್ದು ಅವನ ತಂಡವೇ, ವರ್ಷದ ಆಟಗಾರನೂ ಅವನೇ. ಹಾಗಾಗಿ ಫಲ ನೋಡಿ ತೀರ್ಪು ಹೇಳಲಾಗದು. ಒಂದು ಮಾತು ಮಾತ್ರ ನನಗೆ ಸ್ಪಷ್ಟ. ಅವನು ಸಾವಿರಾರು ಜನರ ಕಣ್ಣೆದುರು ತಪ್ಪು ಮಾಡಿದ, ಮೈದಾನದಿಂದ ಹೊರಗೆ ಹೋದವನೂ ಅವನೇ. ನನ್ನ ತಪ್ಪಿಗೆ ಹೊರಗೆ ಹೋದವರು ಬೇರೆಯವರು. ಕರುಣೆ ನನ್ನದು, ಅದರ ಬೆಲೆ ಇನ್ನೊಬ್ಬರದು ಎಂದಾದರೆ ಅದು ಕರುಣೆಯಲ್ಲ, ಅಡ್ಡದಾರಿಯ ಉದಾರತನ.

ಗುಮಾಸ್ತರು ನಿವೃತ್ತರಾದ ಮೇಲೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ.

"ನಿಮ್ಮ ಅಕ್ಷರ ನನಗೆ ಗೊತ್ತಿಲ್ಲವೇ ಟೀಚರೇ? ಹುಡುಗಿ ಪಾಸಾದಳಲ್ಲ, ಬಿಡಿ" ಎಂದರು. ಅವರ ಹೆಂಡತಿ ಕಾಫಿ ತಂದಿಟ್ಟರು.

ಕಾಫಿ ಕುಡಿದು ಬಂದೆ. ಅವರು ಕ್ಷಮಿಸಿರಬಹುದು. ಆದರೆ ನಿಂತ ಇನ್‌ಕ್ರಿಮೆಂಟು ಅವರ ಪಿಂಚಣಿಯ ಲೆಕ್ಕಕ್ಕೂ ಸೇರಿತ್ತೇ ಎಂದು ಕೇಳುವ ಧೈರ್ಯ ನನಗೆ ಅಂದೂ ಬರಲಿಲ್ಲ.