ಹೇಳಿದ ದರ, ಹೇಳದ ಮಾತು

ಮಳೆಗಾಲ ಮುಗಿಯುತ್ತ ಬಂದಂತೆ ನಮ್ಮ ಮನೆಯ ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗಿನ ನೆಲವೆಲ್ಲ ಹಸಿರಾಗಿಬಿಡುತ್ತದೆ. ಮೈಸೂರಿನ ಬನ್ನಿಮಂಟಪದ ಕಡೆಯ ಹಳೆಯ ಮನೆ. ಪಕ್ಕದಲ್ಲೊಂದು ಮಾವಿನ ಮರ. ಅದರ ನೆರಳಿನಲ್ಲಿ ಬಿಸಿಲನ್ನೇ ಕಾಣದ ಇಂಟರ್‌ಲಾಕ್ ಇಟ್ಟಿಗೆಗಳ ಸಂದುಸಂದಿನಲ್ಲೂ ಪಾಚಿ. ಹೋದ ವರ್ಷ ಅಕ್ಟೋಬರ್ ತಿಂಗಳಲ್ಲಿ ಭಾನುವಾರದ ಬಲಿಪೂಜೆಗೆ ಹೊರಟಿದ್ದ ನನ್ನ ತಾಯಿ ಅಲ್ಲಿಯೇ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲವೆಂಬುದೇ ದೇವರ ದಯೆ. ಮರುದಿನವೇ ಅಂಗಳ ತೊಳೆಸಬೇಕೆಂದು ನಿಶ್ಚಯಿಸಿ ಮೂರು ಕಡೆ ದರ ಕೇಳಿದೆ.

ಮೊದಲನೆಯದು ಒಂದು ಕಂಪನಿ. ಫೋನಿನಲ್ಲಿಯೇ ಚದರ ಅಡಿಗೆ 9 ರೂಪಾಯಿ ಎಂದರು. ನಮ್ಮದು 600 ಚದರ ಅಡಿ. 5,400 ರೂಪಾಯಿ, ಅದರ ಮೇಲೆ ಶೇಕಡ 18ರ ಜಿ.ಎಸ್.ಟಿ. ಸೇರಿ 6,372. ಎರಡನೆಯವರು ತಾವೇ ಬಂದು, ಟೇಪು ಹಿಡಿದು ಅಳೆದು, ನೆಲವನ್ನು ಕೆರೆದು ನೋಡಿ 4,800 ಎಂದರು. ಮೂರನೆಯಾತ ನಮ್ಮ ಗಾರೆ ಕೆಲಸದವರ ಪರಿಚಯದಿಂದ ಬಂದವನು. ಗೇಟಿನ ಬಳಿಯೇ ನಿಂತು ಒಮ್ಮೆ ಕಣ್ಣಾಡಿಸಿ, "ಒಂದು ದಿನದ ಕೆಲಸ ಸಾರ್, ಎರಡೂವರೆ ಸಾವಿರ ಕೊಡಿ" ಎಂದ. ನಾನು ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದಿದ್ದುದಕ್ಕಾಗಿ ನನ್ನ ಬಗ್ಗೆ ನನಗೇ ಕೊಂಚ ಹೆಮ್ಮೆಯೂ ಆಯಿತೆಂಬುದನ್ನು ಮರೆಮಾಚಲಾರೆ.

ಒಂದೇ ನೆಲಕ್ಕೆ ಮೂರು ಬೆಲೆ ಏಕೆ? ತೆಂಗಿನಕಾಯಿ ಕೀಳುವವರಿಗೆ ಮರಕ್ಕಿಷ್ಟು, ಬಟ್ಟೆ ಹೊಲಿಯುವವರಿಗೆ ಜೊತೆಗಿಷ್ಟು ಎಂಬ ವಾಡಿಕೆಯ ದರ ಊರಿಗೆಲ್ಲ ಗೊತ್ತು. ಅಂಗಳ ತೊಳೆಯುವುದಕ್ಕೆ ಅಂಥ ವಾಡಿಕೆಯಿಲ್ಲ. ಏಕೆಂದರೆ ಬಹುಕಾಲ ಅದನ್ನು ಮನೆಯ ಹೆಣ್ಣುಮಕ್ಕಳು ಮಾಡುತ್ತಿದ್ದರು. ಅದಕ್ಕೆ ಬೆಲೆಯಿದೆಯೆಂದು ಯಾರೂ ಎಣಿಸಿರಲಿಲ್ಲ. ಈಗ ದರ ಹೇಳುವವನು ಹಲವು ಕಾಣದ ಸಂಗತಿಗಳನ್ನು ಊಹಿಸಿಯೇ ಹೇಳಬೇಕು. ನೆರಳಿನ ಹಳೆಯ ಪಾಚಿ, ಕಾರಿನಿಂದ ಸೋರಿದ ಎಣ್ಣೆ, ಗಟ್ಟಿಯಾದ ಸಿಮೆಂಟಿನ ಕಲೆ, ಇವು ಒಂದೊಂದು ಅಡಿಯೇ ಆದರೂ ಒಂದೇ ಕೆಲಸವಲ್ಲ. ನೀರಿನ ರಭಸಕ್ಕೆ ಇಟ್ಟಿಗೆಗಳ ನಡುವಿನ ಮರಳು ಕೊಚ್ಚಿಹೋಗುತ್ತದೆ. ಮತ್ತೆ ತುಂಬದಿದ್ದರೆ ಇಟ್ಟಿಗೆಗಳು ಸಡಿಲವಾಗುತ್ತವೆ. ಮರಳಿನ ಖರ್ಚು ಯಾರದು? ಆಸಿಡ್ ಸುರಿದರೆ ಕೆಲಸ ಬೇಗ ಮುಗಿಯುತ್ತದೆ, ದರವೂ ಇಳಿಯುತ್ತದೆ. ಆದರೆ ಅದು ಸಿಮೆಂಟನ್ನೂ ತಿನ್ನುತ್ತದೆ, ಗಿಡದ ಬೇರಿಗೂ ಕೇಡು. ನೂರು ಅಡಿಯಿರಲಿ, ಆರು ನೂರು ಅಡಿಯಿರಲಿ, ಯಂತ್ರವನ್ನು ಹೊತ್ತು ತರುವ ಗಾಡಿಯ ಬಾಡಿಗೆ ಒಂದೇ.

ನೆಲವನ್ನು ನೋಡದೆ ದರ ಹೇಳುವವರು ತಮ್ಮ ಅಂಜಿಕೆಯನ್ನೂ ಸೇರಿಸಿ ಹೇಳುತ್ತಾರೆ. ಬಂದು ನೋಡಿ ಹೇಳುವವರ ದರ ಆ ಮಟ್ಟಿಗೆ ಇಳಿಯುತ್ತದೆ. ಆದರೆ ಅವರು ಬಂದು ಹೋದ ಪೆಟ್ರೋಲಿಗೂ ಅರ್ಧ ದಿನಕ್ಕೂ ಯಾರೂ ಕಾಸು ಕೊಡುವುದಿಲ್ಲ. ನಾನು ಬೇಡವೆಂದ ಆ ಎರಡನೆಯವರು, ನನ್ನ ಅಂಗಳದ ಸ್ಥಿತಿಯನ್ನು ನನಗೇ ವಿವರಿಸಿ, ಬರಿಗೈಯಲ್ಲಿ ಹೋದರು. ಇನ್ನು ಕೆಲವರು ಅಂದಾಜಿಗೂ ಒಪ್ಪಂದದ ದರಕ್ಕೂ ಭೇದ ಮಾಡುತ್ತಾರೆ: ಅಂದಾಜು ಏರಿಳಿಯಬಹುದು, ಒಪ್ಪಿದ ದರ ಏರುವಂತಿಲ್ಲ. ಕಾಣದ ಕಷ್ಟ ಎದುರಾದಾಗ ನಷ್ಟ ಯಾರ ತಲೆಯ ಮೇಲೆ ಎಂಬುದೇ ಈ ಎರಡು ಮಾತುಗಳ ನಡುವಿನ ವ್ಯತ್ಯಾಸ.

ಆತ ತನ್ನ ಅಕ್ಕನ ಮಗನೊಂದಿಗೆ ಬೆಳಿಗ್ಗೆ ಎಂಟಕ್ಕೇ ಬಂದ. ಮಧ್ಯಾಹ್ನದ ಹೊತ್ತಿಗೆ ಸಂಪಿನಲ್ಲಿ ನೀರು ಮುಗಿಯಿತು. ನೀರನ್ನು ರಭಸವಾಗಿ ಚಿಮ್ಮಿಸುವ ಆ ಸಣ್ಣ ಯಂತ್ರ ನಿಮಿಷಕ್ಕೆ ಆರೇಳು ಲೀಟರು ಕುಡಿಯುತ್ತದೆ. ಗಂಟೆಗೆ ಸುಮಾರು 400 ಲೀಟರು. ನಮಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅಂದು ಬರುವ ದಿನವಲ್ಲ. ಕೆಲಸ ನಿಂತಿತು. ಮರುದಿನ ನೀರು ಬಂದು ಸಂಪು ತುಂಬುವವರೆಗೆ ಇಬ್ಬರೂ ಮಾವಿನ ಮರದ ಕೆಳಗೆ ಕಾದು ಕುಳಿತರು. ಸಂಜೆ ಆರಕ್ಕೆ ಕೆಲಸ ಮುಗಿಯಿತು. ಕಾಫಿ ಕೊಡುವಾಗ ವಿಚಾರಿಸಿದೆ. ಯಂತ್ರ ಬಾಡಿಗೆಯದು, ದಿನಕ್ಕೆ 800 ರೂಪಾಯಿ. ಗೂಡ್ಸ್ ಆಟೋಗೆ 400, ಮರಳು ಮತ್ತು ಪುಡಿಗೆ 200. ಒಂದೇ ದಿನದಲ್ಲಿ ಮುಗಿದಿದ್ದರೆ ಇಬ್ಬರಿಗೆ 1,100 ಉಳಿಯುತ್ತಿತ್ತು. ಎರಡನೆಯ ದಿನದ ಬಾಡಿಗೆ ಕಳೆದು ಉಳಿದದ್ದು 300; ತಲೆಗೆ ದಿನವೊಂದಕ್ಕೆ 75 ರೂಪಾಯಿ. "ನಷ್ಟವಾಯಿತಲ್ಲಪ್ಪ" ಎಂದೆ. "ಒಪ್ಕೊಂಡಾಯ್ತಲ್ಲ ಸಾರ್, ಮಾತು ಮಾತೇ" ಎಂದ.

ಕಾನೂನೂ ಬಹುಮಟ್ಟಿಗೆ ಅದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 25ನೆಯ ಕಲಮಿನ ವಿವರಣೆಯಂತೆ, ಸ್ವಇಚ್ಛೆಯಿಂದ ಒಪ್ಪಿದ ಕರಾರು ಪ್ರತಿಫಲ ಸಾಲದೆಂಬ ಒಂದೇ ಕಾರಣಕ್ಕೆ ಅಸಿಂಧುವಾಗುವುದಿಲ್ಲ. ಆದರೆ ಆ ವಿವರಣೆ ಅಷ್ಟಕ್ಕೇ ನಿಲ್ಲುವುದಿಲ್ಲ: ಒಪ್ಪಿಗೆ ನಿಜವಾಗಿ ಸ್ವತಂತ್ರವಾಗಿತ್ತೇ ಎಂದು ತೀರ್ಮಾನಿಸುವಾಗ ಪ್ರತಿಫಲದ ಕೊರತೆಯನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಳ್ಳಬಹುದು. ಜಗದ್ಗುರು ಹದಿಮೂರನೆಯ ಲಿಯೋ 1891ರ ತಮ್ಮ 'ರೇರುಂ ನೋವಾರುಂ' ಪತ್ರದಲ್ಲಿ ಇದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದರು; ಬೇರೆ ದಾರಿಯಿಲ್ಲದೆ ಕಡಿಮೆ ಕೂಲಿಗೆ ಒಪ್ಪುವವನ ಒಪ್ಪಿಗೆಯಲ್ಲಿ ಬಲಾತ್ಕಾರವನ್ನೇ ಕಂಡರು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ನನ್ನ ಅಂಗಳಕ್ಕೆ ಬಂದಾತ ನನ್ನ ಕೂಲಿಯಾಳಲ್ಲ, ಗುತ್ತಿಗೆ ಹಿಡಿದವನು. ಒಂದೇ ಬೆವರಿಗೆ ಕೂಲಿಯೆಂದರೆ ಒಂದು ನ್ಯಾಯ, ಗುತ್ತಿಗೆಯೆಂದರೆ ಇನ್ನೊಂದು.

ಇಷ್ಟೆಲ್ಲ ಯೋಚಿಸಿದ ಮೇಲೂ ನನ್ನನ್ನು ಕಾಡಿದ್ದು ಬೇರೆಯೇ ಒಂದು ಸಂಗತಿ. ಆತ ಒಂದು ದಿನದ ಕೆಲಸವೆಂದಾಗ, ನಾಳೆ ನಲ್ಲಿಯಲ್ಲಿ ನೀರಿಲ್ಲ, ಸಂಪು ಅರ್ಧವೂ ಇಲ್ಲ ಎಂಬುದು ನನಗೆ ಗೊತ್ತಿತ್ತು. "ನೀರಿದೆಯಾ ಸಾರ್?" ಎಂದು ಆತ ಕೇಳಿದ್ದ, "ಇದೆ" ಎಂದಿದ್ದೆ. ಸುಳ್ಳಲ್ಲ. ಆದರೆ ನಿಜವನ್ನು ಪೂರ್ತಿ ಹೇಳಿದರೆ ದರ ಏರುತ್ತದೆಂಬ ಲೆಕ್ಕ ಮನಸ್ಸಿನ ಮೂಲೆಯಲ್ಲಿ ಇರಲಿಲ್ಲವೆಂದು ಆಣೆಯಿಟ್ಟು ಹೇಳಲಾರೆ.

ಇದು ಹಳೆಯ ಪ್ರಶ್ನೆ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಒಬ್ಬ ವರ್ತಕನ ಪ್ರಸಂಗವನ್ನು ಎತ್ತಿಕೊಳ್ಳುತ್ತಾನೆ. ಆ ವರ್ತಕ ಅಲೆಕ್ಸಾಂಡ್ರಿಯಾದಿಂದ ಧಾನ್ಯ ತುಂಬಿಕೊಂಡು ಬರಗಾಲದ ರೋಡ್ಸ್ ದ್ವೀಪಕ್ಕೆ ಬಂದಿದ್ದಾನೆ. ಹಿಂದೆಯೇ ಇನ್ನಷ್ಟು ಧಾನ್ಯದ ಹಡಗುಗಳು ಬರುತ್ತಿರುವುದನ್ನು ಕಂಡಿದ್ದಾನೆ. ಅದನ್ನು ಕೊಳ್ಳುವವರಿಗೆ ಹೇಳಬೇಕೋ, ಸುಮ್ಮನಿದ್ದು ಹೆಚ್ಚು ಬೆಲೆಗೆ ಮಾರಬಹುದೋ? ಹೇಳಲೇಬೇಕೆಂಬುದು ಸಿಸೆರೋವಿನ ನಿಲುವು. ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ಇದೇ ಪ್ರಸಂಗವನ್ನು ಕೈಗೆತ್ತಿಕೊಂಡು, ವರ್ತಕನು ಸುಮ್ಮನಿದ್ದರೆ ನ್ಯಾಯಕ್ಕೆ ಭಂಗವಿಲ್ಲ, ಹೇಳಿದರೆ ಹೆಚ್ಚಿನ ಸದ್ಗುಣ ಎಂದರು. ಆದರೆ ಮಾರುವ ವಸ್ತುವಿನಲ್ಲೇ ಅಡಗಿದ ದೋಷವನ್ನು ತಿಳಿಸಲೇಬೇಕೆಂದು ಅವರೂ ಒಪ್ಪುತ್ತಾರೆ. ಇವರೆಲ್ಲ ಮಾರುವವನ ಮೌನವನ್ನು ತೂಗಿದರು. ಅಂಗಳ ತೊಳೆಸುವಲ್ಲಿ ತಕ್ಕಡಿ ತಿರುಗಿದೆ. ನೆಲ ನನ್ನದು, ಸಂಪು ನನ್ನದು, ಯಾವ ಮೂಲೆಯಲ್ಲಿ ಎಣ್ಣೆ ಸೋರಿದೆಯೆಂಬ ತಿಳಿವಳಿಕೆಯೂ ನನ್ನದು. ದೋಷ ಅಡಗಿರುವುದು ಕೊಳ್ಳುವವನ ವಸ್ತುವಿನಲ್ಲಿ. ಹಾಗಿರುವಾಗ ದರ ಹೇಳುವ ಹೊರೆಯನ್ನಷ್ಟೇ ಬಡವನ ಮೇಲೆ ಹಾಕಿ, ತಪ್ಪಾಗಿ ಹೇಳಿದ್ದು ನೀನೇ ಎನ್ನುವುದು ಸಭ್ಯತೆಯ ಸೋಗು ಮಾತ್ರ.

ಮತ್ತಾಯನ ಸುವಾರ್ತೆಯಲ್ಲಿ ಬರುವ ದ್ರಾಕ್ಷಿತೋಟದ ಸಾಮತಿಯನ್ನು ಅಂದು ರಾತ್ರಿ ಮತ್ತೆ ಓದಿದೆ. ಎಷ್ಟೋ ಸಲ ಕೇಳಿದ್ದರೂ ಗಮನಿಸದಿದ್ದ ಒಂದು ವಿವರ ಕಣ್ಣಿಗೆ ಬಿತ್ತು. ಯಜಮಾನನು ದಿನಕ್ಕಿಷ್ಟೆಂದು ದರ ಗೊತ್ತುಮಾಡಿದ್ದು ಬೆಳಿಗ್ಗೆ ಬಂದವರೊಂದಿಗೆ ಮಾತ್ರ. ಮೂರನೆಯ ತಾಸಿನಲ್ಲಿ ಸಿಕ್ಕವರಿಗೆ ನ್ಯಾಯವಾದುದನ್ನು ಕೊಡುವೆನೆಂದಷ್ಟೇ ಹೇಳುತ್ತಾನೆ. ಅವರು ಆ ಮಾತನ್ನು ನಂಬಿ ಹೋಗುತ್ತಾರೆ. ಅಂಥ ನಂಬಿಕೆಯನ್ನು ನನ್ನ ಗೇಟಿನ ಬಳಿ ನಿಂತವರು ನನ್ನಲ್ಲಿ ಇಡಬಹುದೇ?

ಮರುದಿನ ಆತನಿಗೆ ಫೋನ್ ಮಾಡಿ ಕರೆಸಿ, ನೀರಿನ ವಿಷಯ ನನಗೆ ಮೊದಲೇ ಗೊತ್ತಿತ್ತೆಂದು ಹೇಳಿ, ಇನ್ನೂ 1,600 ರೂಪಾಯಿ ಕೊಟ್ಟೆ. ಆತ ಬೇಡವೆನ್ನಲಿಲ್ಲ, ಕೃತಜ್ಞತೆಯನ್ನೂ ಹೇಳಲಿಲ್ಲ, ಎಣಿಸಿ ಜೇಬಿಗಿಟ್ಟುಕೊಂಡ. ಒಂದು ಕ್ಷಣ ನನಗೆ ಕಸಿವಿಸಿಯಾಯಿತು. ಬರಬೇಕಾದ ಬಾಕಿಗೆ ಯಾರಾದರೂ ಕೃತಜ್ಞತೆ ಹೇಳುತ್ತಾರೆಯೇ ಎಂದು ತೋರಿದ್ದು ಆತ ಹೋದ ಮೇಲೆ.

ಈ ವರ್ಷವೂ ಅವನನ್ನೇ ಕರೆದೆ. ಈ ಸಲ ಅಂಗಳದ ಉದ್ದಕ್ಕೂ ನಡೆದು ನೋಡಿದ. ಸಂಪಿನ ಮುಚ್ಚಳವನ್ನು ತಾನೇ ಎತ್ತಿ ಒಳಗೆ ಬಗ್ಗಿ ನೋಡಿದ. ನೀರು ಯಾವ ದಿನ ಬರುತ್ತದೆಂದು ಕೇಳಿಕೊಂಡು, ಆಮೇಲೆ 4,200 ಎಂದ. ಗೋಡೆಯಾಚೆಯಿಂದ ಕೇಳಿಸಿಕೊಂಡ ನೆರೆಮನೆಯವರು, "ಹೋದ ವರ್ಷ ಎರಡೂವರೆಗೆ ಮಾಡಿದ್ದನಲ್ಲವೇ? ಕಲಿತುಬಿಟ್ಟಿದ್ದಾನೆ" ಎಂದರು. "ಹೌದು" ಎಂದೆ.