ಹಟ್ಟಿಯಲ್ಲಿ ಅಹಿಂಸಾಣುವ್ರತ

ದಶಲಕ್ಷಣ ಪರ್ವದ ದಿನಗಳಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದೆರಡನ್ನಾದರೂ ತ್ಯಜಿಸುವ ಪದ್ಧತಿ ನಮ್ಮ ಶ್ರಾವಕ ಗೃಹಗಳಲ್ಲಿದೆ. ಆರು ಬಾಹ್ಯ ತಪಸ್ಸುಗಳಲ್ಲಿ ನಾಲ್ಕನೆಯದಾದ ರಸಪರಿತ್ಯಾಗದ ಉದ್ದೇಶ ನಾಲಗೆಯ ಜಯ. ಆದರೆ ಮೊದಲ ಮೂರು ರಸಗಳು ಪಂಚೇಂದ್ರಿಯ ಜೀವವೊಂದರ ದೇಹದಿಂದ ಬಂದವು. ಆದುದರಿಂದ ಅವನ್ನು ಬಿಡುವ ದಿನವೂ ಸ್ವೀಕರಿಸುವ ದಿನವೂ ಆ ಜೀವದ ಸ್ಥಿತಿಯೇನೆಂದು ವಿಚಾರಿಸುವುದು ವ್ರತಿಕನ ಕರ್ತವ್ಯ.

ಸುಳ್ಯ ತಾಲ್ಲೂಕಿನಲ್ಲಿ ಕೇರಳದ ಗಡಿಗೆ ತಾಗಿರುವ ಮಂಡೆಕೋಲಿನಂತಹ ಅಡಿಕೆಯ ಸೀಮೆಯನ್ನು ನೋಡೋಣ. ಇಂತಹ ಊರುಗಳ ಹಟ್ಟಿಯಲ್ಲಿ ಹಿಂದೆ ಇದ್ದುದು ಮಲೆನಾಡು ಗಿಡ್ಡದಂತಹ ಸಣ್ಣ ತಳಿ. ಹಾಲು ಸ್ವಲ್ಪವೇ, ಸೊಪ್ಪಿನೊಡನೆ ಕಲೆತ ಹಟ್ಟಿಗೊಬ್ಬರಕ್ಕಾಗಿಯೇ ಹಸುವನ್ನು ಸಾಕುವವರು ಬಹಳ. ಗಂಡುಕರು ಬೆಳೆದು ಗದ್ದೆ ಉಳುತ್ತಿತ್ತು. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮವೂ 1984ರಲ್ಲಿ ಹಾಲು ಮಹಾಮಂಡಳವೂ ರೂಪುಗೊಂಡವು. ಊರೂರಿನಲ್ಲಿ ಸಹಕಾರ ಸಂಘಗಳಾದವು; ಕೃತಕ ಗರ್ಭಧಾರಣೆಯಿಂದ ಜೆರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಬಂದವು. ಬಡ ಗೃಹಿಣಿಯ ಕೈಗೆ ನಾಲ್ಕು ಕಾಸು ಬಂದುದು ಸಣ್ಣ ಉಪಕಾರವಲ್ಲ. ಆದರೆ ಅದೇ ಕಾಲದಲ್ಲಿ ಗದ್ದೆಗಳು ತೋಟಗಳಾದವು, ಉಳುಮೆಗೆ ಟಿಲ್ಲರ್ ಬಂತು. ಹಾಲು ಬೇಕಾದರೆ ಹಸು ಕರು ಹಾಕಲೇಬೇಕು; ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧ ಗಂಡು. ಅವಕ್ಕೆ ಈಗ ಕೆಲಸವಿಲ್ಲ. ಕೆಲಸವಿಲ್ಲದ ಜೀವಕ್ಕೆ ಹುಲ್ಲು ಹಾಕುವವರಾರು? ನಮ್ಮ ಕಾಲದ ನಿಜವಾದ ಪ್ರಶ್ನೆ ಇದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲೆಯಲ್ಲ, ಹೊಡೆತ. ಈ ಐದನ್ನೂ ಕೈಯಲ್ಲಿ ಹಿಡಿದು ಹಟ್ಟಿಯೊಳಗೆ ಹೋದರೆ ಆಚಾರ್ಯರು ನಮ್ಮ ಹಟ್ಟಿಯನ್ನೇ ಕಂಡು ಬರೆದರೋ ಎನಿಸುತ್ತದೆ. ಹಗಲಿರುಳು ಗಿಡ್ಡ ಹಗ್ಗದಲ್ಲಿ ಸಿಮೆಂಟಿನ ನೆಲದ ಮೇಲೆ ಕಟ್ಟಿಡುವುದು ಬಂಧ. ಎಳೆಗರುವಿನ ಕೊಂಬಿನ ಬುಡವನ್ನು ಸುಡುವುದು ಛೇದಕ್ಕೆ ಸಮೀಪ. ಗಾಡಿಯ ಹೊರೆ ಹೋಯಿತು ನಿಜ. ಆದರೆ ಬಿಡುವಿಲ್ಲದೆ ಗಬ್ಬ ಕಟ್ಟಿಸಿ ಕೆಚ್ಚಲಿಗೆ ಹೊರೆ ಹೊರಿಸುವುದೂ ಅತಿಭಾರವೇ. ಕರುವಿನ ಪಾಲನ್ನು ಕ್ಯಾನಿಗೆ ಸುರಿಯುವುದು ಸ್ಪಷ್ಟವಾಗಿ ಅನ್ನಪಾನನಿರೋಧ. ಹಾಲನ್ನು ಕರೆದ ಅಂತರ್ಮುಹೂರ್ತದೊಳಗೆ ಸೋಸಿ ಕಾಯಿಸಬೇಕೆಂದು ಗಡಿಯಾರ ನೋಡುವ ನಾವು, ಕರು ಹೊಟ್ಟೆತುಂಬ ಕುಡಿಯಿತೇ ಎಂದೂ ನೋಡಬೇಡವೇ?

“ಎಲ್ಲ ಕರುಗಳನ್ನೂ ಸಾಕಿದರೆ ಮನೆ ನಡೆಯುವುದು ಹೇಗೆ?” ಎಂಬ ಆಕ್ಷೇಪ ನ್ಯಾಯವಾದುದು. ಎರಡು ಹಸುವಿನ ಹಾಲಿನಿಂದ ಮಕ್ಕಳನ್ನು ಓದಿಸುವವರು ಕ್ರೂರಿಗಳಲ್ಲ, ಹುಲ್ಲಿಲ್ಲದೆ ಮಾರುತ್ತಾರೆ. 2020ರ ಕರ್ನಾಟಕದ ಕಾಯಿದೆ ಗೋಹತ್ಯೆಯನ್ನು ನಿಷೇಧಿಸಿತು. ಕಾಯಿದೆ ಕತ್ತಿಯನ್ನು ತಡೆದೀತು, ಗೋದಲಿಯನ್ನು ತುಂಬಲಾರದು. ಅದನ್ನು ತುಂಬುವುದು ವ್ರತದ ಕೆಲಸ. ಅದಕ್ಕೆ ದಾರಿ ಪರಿಗ್ರಹ ಪರಿಮಾಣದಲ್ಲಿದೆ. ಧನಧಾನ್ಯಗಳೆಂಬಲ್ಲಿ ಧನವೆಂದರೆ ಗೋವು ಮೊದಲಾದವು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅರ್ಥ ಹೇಳಿದ್ದಾರೆ. ಹಾಗಾದರೆ ದನಗಳ ಸಂಖ್ಯೆಗೂ ಮಿತಿ ಬೇಕು. ಆ ಮಿತಿಯನ್ನು ಹಾಲಿನ ಲೀಟರಿನಿಂದ ಅಳೆಯದೆ, ಬತ್ತಿದ ಹಸುವಿಗೂ ಗಂಡುಕರುವಿಗೂ ಕೊನೆಯವರೆಗೆ ಹಾಕಬಲ್ಲ ಬೈಹುಲ್ಲಿನಿಂದ ಅಳೆಯಬೇಕು. ನಾಲ್ಕನ್ನು ಕಟ್ಟಿ ಎರಡನ್ನು ಮಾರುವುದಕ್ಕಿಂತ, ಒಂದನ್ನು ಕಟ್ಟಿ ಅದರ ಸಂತಾನವನ್ನೂ ಸಾಕುವುದು ಶ್ರಾವಕನಿಗೆ ಯೋಗ್ಯ.

ಹಟ್ಟಿಯಿಲ್ಲದ ಪಟ್ಟಣದವರು ಈ ಲೆಕ್ಕದಿಂದ ಹೊರಗಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮವು ಆಸ್ರವಿಸುತ್ತದೆ. ತೊಟ್ಟೆಯ ಹಾಲು ಕೊಳ್ಳುವವನೂ ಹಟ್ಟಿಯ ರೀತಿಗೆ ಒಪ್ಪಿಗೆ ಕೊಟ್ಟವನೇ. ಇತ್ತೀಚೆಗೆ ತೋಟದ ಮನೆಗಳಲ್ಲಿ ತಂಗಿ, ಮಕ್ಕಳಿಗೆ ಹಾಲು ಕರೆಯುವುದನ್ನು ತೋರಿಸುವ ಕೃಷಿ ಪ್ರವಾಸ ರೂಢಿಗೆ ಬಂದಿದೆ. ಮಗು ಗೋವಿನ ಮೈ ಮುಟ್ಟುವುದು ಒಳ್ಳೆಯದೇ. ಆದರೆ ಕರುವಿನೊಡನೆ ಚಿತ್ರ ತೆಗೆದುಕೊಂಡು ಬರುವಷ್ಟಕ್ಕೆ ನಿಲ್ಲದೆ, “ಕಳೆದ ವರ್ಷದ ಗಂಡುಕರು ಎಲ್ಲಿದೆ?” ಎಂದು ಯಜಮಾನರನ್ನು ವಿನಯದಿಂದ ಕೇಳಬೇಕು. ಅದನ್ನು ಕಟ್ಟಿಗೆ ಕರೆದೊಯ್ದು ತೋರಿಸಬಲ್ಲವರ ಮನೆಯಲ್ಲಿ ಹೆಚ್ಚು ಹಣ ಕೊಟ್ಟಾದರೂ ತಂಗಬೇಕು.

ಬರುವ ಪರ್ವದಲ್ಲಿ ಹಾಲು ಬಿಟ್ಟ ದಿನಗಳ ಹಾಲಿನ ಹಣವನ್ನು ಪಾರಣೆಯ ಸಿಹಿಗೆ ಕೂಡಿಡದೆ, ಬತ್ತಿದ ಹಸುವನ್ನು ಮಾರದೆ ಉಳಿಸಿಕೊಂಡ ನೆರೆಯವರ ಹಟ್ಟಿಗೆ ಹುಲ್ಲಾಗಿ ಮುಟ್ಟಿಸೋಣ. ಆಗ ನಮ್ಮ ತ್ಯಾಗದ ಫಲ ನಾಲಗೆಗೂ ಸಿಕ್ಕೀತು, ಆ ಮೂಕ ಜೀವಕ್ಕೂ ಸಿಕ್ಕೀತು.