ಬಲಹೀನ ಕೈ ಮೊದಲು

ಎಲ್ಲರೂ ಕೂತ್ಕೊಳ್ಳಿ. ಇವತ್ತು ನಾನೂ ಕೂತ್ಕೊಂಡೇ ಮಾತಾಡ್ತೀನಿ. ನಾಲ್ಕು ತಿಂಗಳಾದ ಮೇಲೆ ಈ ಮೈಕ್ ಮುಂದೆ ಬಂದಿದ್ದೀನಿ. ನನ್ನ ಕೈಯಲ್ಲಿರೋ ಈ ನಾಲ್ಕು ಕಾಲಿನ ಕೋಲು ಕಾಣಿಸಲೇ ಇಲ್ಲ ಅನ್ನೋ ಹಾಗೆ ಯಾರೂ ನಟಿಸಬೇಡಿ. ಚೆನ್ನಾಗಿ ನೋಡಿ.

ಮಾರ್ಕ 8ನೇ ಅಧ್ಯಾಯ, 22ನೇ ವಚನದಿಂದ ತೆಗೆಯಿರಿ. ಬೇತ್ಸಾಯಿದದ ಕುರುಡ. ಯೇಸು ಸ್ವಾಮಿ ಅವನ ಕೈಹಿಡಿದು ಊರ ಹೊರಗೆ ಕರಕೊಂಡು ಹೋಗಿ ಮುಟ್ಟುತ್ತಾನೆ, ಏನು ಕಾಣಿಸುತ್ತೆ ಅಂತ ಕೇಳುತ್ತಾನೆ. ಅವನ ಉತ್ತರ ಗಮನಿಸಿ. ಜನ ನಡೆದಾಡುವುದು ಕಾಣುತ್ತೆ, ಆದರೆ ಮರಗಳ ಥರ ಇದ್ದಾರೆ ಅಂತಾನೆ. ಆಮೇಲೆ ಕರ್ತನು ಎರಡನೇ ಸಾರಿ ಕೈ ಇಡುತ್ತಾನೆ. ಯಾಕೆ ಎರಡು ಸಾರಿ? ಸತ್ಯವೇದ ಕಾರಣ ಹೇಳಿಲ್ಲ, ನಾನೂ ಕಟ್ಟಿ ಹೇಳಲ್ಲ. ನನ್ನನ್ನು ಮುಟ್ಟಿದ್ದು ಆ ಮನುಷ್ಯನ ಪ್ರಾಮಾಣಿಕತೆ. ನಮ್ಮ ಸಭೆಯಲ್ಲಾಗಿದ್ದರೆ ನಾವೇ ಮೈಕ್ ಹಿಡಿದು, "ಪೂರ್ತಿ ಸ್ವಸ್ಥನಾದೆ ಅಂತ ಹೇಳಪ್ಪಾ, ಹಲ್ಲೆಲೂಯ!" ಅಂತಿದ್ದೆವು.

ನನಗೆ ಸ್ಟ್ರೋಕ್ ಆಗಿದ್ದು ನಿಮಗೆ ಗೊತ್ತು. ಬೆಳಿಗ್ಗೆ ಎದ್ದಾಗ ಎಡಗೈ, ಎಡಗಾಲು ನನ್ನ ಮಾತು ಕೇಳ್ತಿರಲಿಲ್ಲ. ಯೌವನಸ್ಥರೇ, ಒಂದು ವಿಷಯ ಬರ್ಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಪಾಸ್ಟರ್‌ಗೆ ಆಮೇಲೆ ಫೋನ್ ಮಾಡಿ, ಮೊದಲು 108ಕ್ಕೆ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಿರಬೇಕು. ಪ್ರಾರ್ಥನೆ ಆಂಬುಲೆನ್ಸ್‌ನಲ್ಲೂ ಆಗುತ್ತೆ.

ಆಸ್ಪತ್ರೆಯಿಂದ ನೇರವಾಗಿ ಮನೆಗೆ ಹೋಗೋಕೆ ಆಗಲಿಲ್ಲ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಏಳು ವಾರ ಒಂದು ರಿಹ್ಯಾಬ್ ಸೆಂಟರ್‌ನಲ್ಲಿದ್ದೆ. ಮಂಚದ ಮೇಲ್ಗಡೆ ಒಂದು ಬೋರ್ಡು. ಅದರಲ್ಲಿ ಬರೆದಿತ್ತು: "ಏಳುವಾಗ ಒಬ್ಬರ ಸಹಾಯ ಬೇಕು". ಇಪ್ಪತ್ತು ವರ್ಷ ಜನರಿಗೆ "ಎದ್ದು ನಿಲ್ಲಿರಿ" ಅಂತ ಹೇಳಿದವನ ತಲೆ ಮೇಲೆ ಆ ಬೋರ್ಡು! ರಾತ್ರಿ ಬಾತ್‌ರೂಮಿಗೆ ಹೋಗಬೇಕಾದರೆ ಬೆಲ್ ಒತ್ತಬೇಕು, ನನ್ನ ಮಗನ ವಯಸ್ಸಿನ ಹುಡುಗ ಬಂದು ಕರಕೊಂಡು ಹೋಗಬೇಕು. ಎಷ್ಟೋ ರಾತ್ರಿ ನಾಚಿಕೆಗೆ ನೀರು ಕುಡಿಯೋದೇ ಬಿಟ್ಟಿದ್ದೆ.

ಫಿಸಿಯೋಥೆರಪಿಸ್ಟ್ ಹಾಸನ ಕಡೆಯ ಹುಡುಗಿ. ಮೊದಲ ವಾರ ಕಲಿಸಿದ್ದು ಕುರ್ಚಿಯಿಂದ ಏಳೋದು, ಅಷ್ಟೇ. "ಸಾರ್, ಪಾದ ಹಿಂದಕ್ಕೆ ತಗೊಳ್ಳಿ. ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ಮೇಲೆ ಬರಲಿ. ಈಗ ಏಳಿ." ಹತ್ತು ಸಾರಿ, ಮತ್ತೆ ಹತ್ತು ಸಾರಿ. ಒಂದಿನ ಸಿಟ್ಟು ಬಂದು, "ಎಷ್ಟು ಸಲಮ್ಮಾ ಇದನ್ನೇ?" ಅಂದೆ. "ಸಾರ್, ಮೆದುಳಿನ ಹಳೇ ದಾರಿ ಮುಚ್ಚಿಹೋಗಿದೆ. ಹೊಸ ದಾರಿ ನಡೆದು ನಡೆದೇ ಆಗಬೇಕು" ಅಂದಳು. ಆಮೇಲೆ ಎರಡು ಕಂಬಿಗಳ ಮಧ್ಯೆ ನಡಿಗೆ, ಆಮೇಲೆ ಈ ಕೋಲು, ಕೊನೆಗೆ ಮೆಟ್ಟಿಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ಆದರೆ ನಾನು ಅತ್ತಿದ್ದು ಶರ್ಟ್ ಹಾಕಿಕೊಳ್ಳೋದನ್ನ ಕಲಿಸಿದ ದಿನ. ಗಟ್ಟಿ ಕೈಯನ್ನ ಮೊದಲು ತೂರಿಸಿ ಒದ್ದಾಡ್ತಿದ್ದೆ. ಅವಳು ತಡೆದು, "ಬಲಹೀನ ಕೈ ಮೊದಲು ಸಾರ್. ಬಿಚ್ಚುವಾಗ ಅದು ಕೊನೆಗೆ" ಅಂದಳು. 1 ಕೊರಿಂಥ 12 ನೆನಪಾಯಿತು. ದೇಹದಲ್ಲಿ ಬಲಹೀನವಾಗಿ ಕಾಣುವ ಅಂಗಗಳೇ ಬೇಕಾದವು, ಅವುಗಳಿಗೇ ಹೆಚ್ಚು ಮರ್ಯಾದೆ ಅಂತ ಪೌಲನು ಬರೆದದ್ದನ್ನ ನಾನು ಎಷ್ಟು ಸಾರಿ ಪ್ರಸಂಗಿಸಿದ್ದೆ! ಆ ದಿನ ನನಗೆ ನೆನಪಾದದ್ದು ಪ್ರಸಂಗವಲ್ಲ, ನಮ್ಮ ಸಭೆಯ ಒಬ್ಬ ಅಕ್ಕ.

ಆರು ವರ್ಷದ ಹಿಂದೆ, ಉಪವಾಸ ಪ್ರಾರ್ಥನೆ. ಅವರು ವಾಕರ್ ಹಿಡಿದು ಮುಂದೆ ಬಂದರು. ನಾನು ಎಲ್ಲರ ಎದುರು, "ಅಕ್ಕಾ, ನಂಬಿಕೆ ಇದ್ದರೆ ಇದನ್ನ ಬಿಟ್ಟು ನಡೀರಿ" ಅಂದೆ. ಎರಡು ಹೆಜ್ಜೆ ಇಟ್ಟರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮೂರನೇ ಹೆಜ್ಜೆಗೆ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಅವರ ನಂಬಿಕೆ ಸಾಲದು ಅಂತ ನಾವೇ ಮಾತಾಡಿಕೊಂಡೆವು. ಆಮೇಲೆ ಅವರು ಸಭೆಗೆ ಬರಲಿಲ್ಲ, ನಾನೂ ಹೋಗಿ ನೋಡಲಿಲ್ಲ.

ದೇವರು ಇವತ್ತೂ ಒಂದೇ ಕ್ಷಣದಲ್ಲಿ ಎಬ್ಬಿಸುತ್ತಾನೆ, ಅದನ್ನ ನಾನು ನಂಬುತ್ತೀನಿ. ಆಮೆನ್? ಆದರೆ ಆತನು ಏಳು ವಾರ ತಗೊಂಡಾಗ ಅವಸರ ಮಾಡೋಕೆ ನನಗೆ ಅಧಿಕಾರ ಇರಲಿಲ್ಲ, ಇನ್ನೊಬ್ಬರ ಕೈಯಿಂದ ವಾಕರ್ ಕಿತ್ತುಕೊಳ್ಳೋಕಂತೂ ಇರಲೇ ಇಲ್ಲ.

ಆರನೇ ವಾರ ಬೋರ್ಡು ಒರೆಸಿದರು. ಆ ರಾತ್ರಿ ಬೆಲ್ ಒತ್ತದೆ ಎದ್ದೆ. ಹನ್ನೊಂದು ಹೆಜ್ಜೆ. ಲೈಟ್ ಹಾಕಿಕೊಂಡೆ, ಬಾಗಿಲು ಒಳಗಿಂದ ಚಿಲಕ ಹಾಕಬೇಡಿ ಅಂದಿದ್ದರು, ಹಾಕಲಿಲ್ಲ. ಅಲ್ಲೇ ನಿಂತು ಸ್ತೋತ್ರ ಹೇಳಿದೆ. ಅಂಥ ಜಾಗದಲ್ಲಿ ಸ್ತೋತ್ರ ಹೇಳಿದ್ದು ಅದೇ ಮೊದಲು!

ಮನೆಗೆ ಬಂದ ಮೇಲೆ ಮೊದಲು ಹೋಗಿದ್ದು ಆ ಅಕ್ಕನ ಮನೆಗೆ. ಒಂಬತ್ತು ಮೆಟ್ಟಿಲು. ಕ್ಷಮಿಸಿ ಅಂದೆ. ಅವರು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನನ್ನ ಕೋಲು ನೋಡಿ, "ಕೆಳಗಿನ ರಬ್ಬರ್ ಸವೆದಿದೆ ಪಾಸ್ಟರ್, ಜಾರುತ್ತೆ, ಬದಲಾಯಿಸಿ" ಅಂದರು. ಬದಲಾಯಿಸಿದ್ದೀನಿ.

ಅವರು ಇವತ್ತು ಬಂದಿದ್ದಾರೆ. ಎಲ್ಲಿದ್ದಾರೆ ಅಂತ ತಿರುಗಿ ನೋಡಬೇಡಿ. ಈಗ ಕಣ್ಣು ಮುಚ್ಚೋಣ. ಪ್ರಾರ್ಥನೆ ಬೇಕಾದವರು ಮುಂದೆ ಬರೋದು ಬೇಡ. ಕೂತಲ್ಲೇ ಕೈ ಎತ್ತಿ, ಎತ್ತೋಕೆ ಆಗದಿದ್ದರೆ ಪಕ್ಕದವರಿಗೆ ಹೇಳಿ. ನಾವೇ ನಿಮ್ಮ ಹತ್ತಿರ ಬರ್ತೀವಿ. ನಾನು ಬರೋದು ಸ್ವಲ್ಪ ನಿಧಾನ ಆಗುತ್ತೆ, ಕಾಯಿರಿ.